ವೈನ್ ಮೂಸುತ್ತಿದ್ದ ಅಡುಗೆಯಣ್ಣ

ಇಂಚರಾ, ಪ್ರೀತಮ್, ನಮ್ಮ ಅಡುಗೆಯಣ್ಣನ ಬಲ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹುಡುಗರಾಗಿದ್ದಾಗ ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವಾಗ ಕತ್ತರಿ ಬೆರಳಿಗೆ ಬಿದ್ದಿತ್ತಂತೆ. ಆ ಬೆರಳಿನಿಂದಲೇ ಹೋಳಿಗೆ ತಟ್ಟುತ್ತಿದ್ದರು. ಒಂದರ ಅಂಚೂ ಒಡೆಯುತ್ತಿರಲಿಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ವೈಟ್‌ಫೀಲ್ಡಿನ ಒಂದು ಕಂಪನಿಯ ಗೆಸ್ಟ್ ಹೌಸಿನಲ್ಲಿ ಪಾತ್ರೆ ತೊಳೆಯಲು ಸೇರಿದೆ. ಅಡುಗೆ ಈ ಅಣ್ಣನದು. ತಲೆ ಎತ್ತಿ ಮಾತಾಡದ ನನ್ನನ್ನು ಅಲ್ಲಿ ತಂಗಿ ಎಂದು ಕರೆದವರು ಅವರೊಬ್ಬರೇ. ವಿದೇಶದ ಅತಿಥಿಗಳು ಬಂದರೆ ಊಟಕ್ಕೆ ಬಿಳಿ ವೈನ್ ಇಡುವುದೂ ಅವರ ಕೆಲಸವಾಗಿತ್ತು. ತಮ್ಮ ಅಪ್ಪ ಕುಡಿದು ಸತ್ತದ್ದನ್ನು ಕಂಡ ಅವರು ಒಂದು ತೊಟ್ಟೂ ಬಾಯಿಗೆ ಹಾಕಿದವರಲ್ಲ. ಬಾಟಲಿ ತೆರೆದೊಡನೆ ಸ್ಟೀಲ್ ಲೋಟಕ್ಕೆ ಎರಡು ಚಮಚ ಬಗ್ಗಿಸಿ, ಕಣ್ಣು ಮುಚ್ಚಿ ಮೂಸಿ, ಕೆಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಲೋಟದಲ್ಲಿದ್ದಷ್ಟನ್ನು ಸಿಂಕಿಗೆ ಚೆಲ್ಲುತ್ತಿದ್ದರು. ಆ ಲೋಟ ತೊಳೆಯುತ್ತಿದ್ದವಳು ನಾನು.

ಒಮ್ಮೆ ನನ್ನ ಮುಂದೆಯೂ ಹಿಡಿದರು. "ಮೂಸು ತಂಗಿ, ಮೂಸಿದ್ರೆ ಪಾಪ ಬರಲ್ಲ. ಏನ್ ವಾಸ್ನೆ?"

"ಸೀಬೆಕಾಯಿ... ಕೊಯ್ದ ಹುಲ್ಲು," ಎಂದೆ ನಾಚಿಕೊಂಡು.

"ನೋಡ್ದ್ಯಾ! ನಮ್ ಮ್ಯಾನೇಜರಿಗೆ ಇದು ಗೊತ್ತಾಗಕ್ಕೆ ಇನ್ನೊಂದ್ ಜನ್ಮ ಬೇಕು. ಸಾವಿನ್ಯೋ ಬ್ಲಾಂ ಅಂತ ದ್ರಾಕ್ಷಿ, ನಮ್ಮೂರ್ ಕಡೇದೇ. ಹಗಲು ಬಿಸ್ಲು, ರಾತ್ರಿ ತಣ್ಣಗೆ, ಅದಕ್ಕೇ ಹುಳಿ ಉಳ್ಕೊಂಡಿರುತ್ತೆ. ನಿಂಬೆಹಣ್ಣು ಹಿಂಡಿದ ಮೀನು, ಕೊತ್ತಂಬರಿ ಹಾಕಿದ ಕೋಸಂಬರಿ, ಇಂಥವಕ್ಕೆ ಒಪ್ಪುತ್ತೆ. ಸಿಹಿ ಪಕ್ಕ ಮಾತ್ರ ಇಡ್ಬಾರ್ದು."

ಯುಗಾದಿಯ ಮಾರನೆಯ ದಿನ ಮಧ್ಯಾಹ್ನ ದೊಡ್ಡ ಅತಿಥಿಗಳಿಗೆ ಬಾಳೆಲೆ ಊಟ. ಎಲೆಗೆ ಮೊದಲು ಸಿಹಿ ಬೀಳಬೇಕಲ್ಲ, ಅದರ ಜೊತೆಗೇ ವೈನನ್ನೂ ಸುರಿಯಿರಿ ಎಂದರು ಮ್ಯಾನೇಜರು.

"ಹೋಳಿಗೆ ಮೊದ್ಲೇ ಬಡಿಸ್ತೀನಿ ಸಾರ್. ವೈನ್ ಕೋಸಂಬರಿ ಹೊತ್ತಿಗೆ ಕೊಡೋಣ."

"ಹೇಳಿದಷ್ಟು ಮಾಡ್ರೀ. ನೀವು ಅಡುಗೆಯವ್ರು, ಗೊತ್ತಾಯ್ತಾ?"

ಹೋಳಿಗೆ ತಿಂದು ವೈನ್ ಹೀರಿದ ಅತಿಥಿಯೊಬ್ಬರು ಮುಖ ಕಿವುಚಿದರು. ಮ್ಯಾನೇಜರು ನಕ್ಕು, ಇದು ಲೋಕಲ್ ಮಾಲು, ಹೀಗೇ ಎಂದುಬಿಟ್ಟರು. ಅಡುಗೆಯಣ್ಣನಿಗೆ ತಡೆಯಲಾಗಲಿಲ್ಲ.

"ವೈನೂ ಕೆಟ್ಟಿಲ್ಲ ಸಾರ್, ಹೋಳಿಗೆನೂ ಕೆಟ್ಟಿಲ್ಲ. ಎರಡನ್ನೂ ಜೊತೆಗ್ ಕೂರ್ಸಿದ್ದು ನಾವು."

ಅತಿಥಿಗೆ ನೀರು ಕೊಟ್ಟು, ಕೋಸಂಬರಿ ಬಡಿಸಿ, ಮತ್ತೆ ಹೀರುವಂತೆ ಸನ್ನೆ ಮಾಡಿದರು. ಅತಿಥಿ ಹೀರಿ, ತಲೆದೂಗಿ, ಗ್ಲಾಸು ಮುಂದೆ ಚಾಚಿದರು. ಪಂಕ್ತಿಯೆಲ್ಲ ನಕ್ಕಿತು. ಮ್ಯಾನೇಜರ ಮುಖ ಕಪ್ಪಿಟ್ಟಿತು.

ಅತಿಥಿಗಳ ಕಾರು ಗೇಟು ದಾಟುತ್ತಲೇ ಮ್ಯಾನೇಜರು ಅಡುಗೆಮನೆಗೆ ನುಗ್ಗಿ, ಸಿಂಕಿನಲ್ಲಿದ್ದ ಸ್ಟೀಲ್ ಲೋಟ ಎತ್ತಿ ಮೂಸಿದರು. "ಕುಡ್ಕೊಂಡ್ ಬಂದು ಗೆಸ್ಟ್ ಮುಂದೆ ಬಾಯಿ ಮಾಡ್ತೀಯಾ? ಈಗ್ಲೇ ಹೊರಡು!"

"ಮೂಸಿ ಚೆಲ್ಲಿದ್ದು ಸಾರ್."

"ಯಾರು ನೋಡಿದ್ರು?"

ನಾನು ನೋಡಿದ್ದೆ. ದಿನಾ ನೋಡಿದ್ದೆ. ಮ್ಯಾನೇಜರು ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ಮುಂದಿನ ಪಾತ್ರೆ ಉಜ್ಜತೊಡಗಿದೆ.

"ಅವ್ಳನ್ ಕೇಳ್ಬೇಡಿ, ಮಕ್ಳೊಂದಿಗಳು. ನಾನೇ ಹೋಗ್ತೀನಿ," ಎಂದು ಅಡುಗೆಯಣ್ಣ ಏಪ್ರನ್ ಬಿಚ್ಚಿ ಮಡಿಸಿಟ್ಟರು.

ಕುಡುಕ ಎಂಬ ಹೆಸರು ಅವರಿಗಿಂತ ಮುಂಚೆ ಎಲ್ಲ ಗೆಸ್ಟ್ ಹೌಸುಗಳಿಗೂ ತಲುಪಿತ್ತು. ಯಾರೂ ಒಲೆಯ ಮುಂದೆ ನಿಲ್ಲಿಸಿಕೊಳ್ಳಲಿಲ್ಲ. ಹೋದ ವರ್ಷ ಅವರು ತೀರಿಕೊಂಡಾಗ ಹೆಣದ ಮುಂದೆಯೇ ಒಬ್ಬ, "ಕುಡಿತಾನೇ ತಿಂದಾಕ್ತು" ಎಂದ. ಆಗಲೂ ಸೆರಗು ಬಾಯಿಗೆ ಒತ್ತಿಕೊಂಡು ನಿಂತೆ. ಆ ಮ್ಯಾನೇಜರನ್ನು ನಾನು ಕ್ಷಮಿಸಿಲ್ಲ. ನನ್ನನ್ನೂ ಕ್ಷಮಿಸಿಕೊಂಡಿಲ್ಲ. ನನ್ನ ಕೆಲಸ ಉಳಿದದ್ದಕ್ಕೇ ನಿಮ್ಮ ಅಪ್ಪ ಓದು ಮುಗಿಸಿದ.

ಮಕ್ಕಳೇ, ಅಡುಗೆಯಣ್ಣನ ಮಗಳು ಹೆಬ್ಬಗೋಡಿಯಲ್ಲಿದ್ದಾಳೆ. ಈ ಹಾಳೆಗಳನ್ನು ಮೊದಲು ಅವಳಿಗೆ ಓದಿ ಹೇಳಿ. ಆಮೇಲೆ ಜೋಪಾನವಾಗಿಡಿ. ಅವರು ಕುಡಿಯಲಿಲ್ಲ, ಪಕ್ಕದಲ್ಲೇ ನಿಂತು ನೋಡಿದವಳು ನಾನು. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೇನೆ.