ಯಾರ ಸುದ್ದಿ, ಏನ್ ಸುದ್ದಿ

ಕಳೆದ ವರ್ಷ ಅವ್ವ ಧಾರವಾಡದಿಂದ ಕೋಲ್ಕತ್ತಾದ ನಮ್ಮ ಕಸ್ಬಾ ಫ್ಲ್ಯಾಟಿಗೆ ಮೂರು ತಿಂಗಳು ಇರುತ್ತೇನೆಂದು ಬಂದಳು. ಮೂರನೇ ವಾರಕ್ಕೇ "ಲಗೂನ ಟಿಕೆಟ್ ತಗಸವಾ, ನಾ ಊರಿಗೆ ಹೋಗ್ತೀನಿ" ಎಂದು ಶುರು ಮಾಡಿದಳು. ಊಟ, ಹವೆ, ಪಕ್ಕದ ಮನೆಯ ಮಾಶಿಯರು, ಯಾವುದರ ಬಗ್ಗೆಯೂ ಅವಳಿಗೆ ತಕರಾರಿರಲಿಲ್ಲ. ಮಾತಿಗೆ ಜನವಿಲ್ಲ, ಅಷ್ಟೇ. ನಾನು ಬೆಳಿಗ್ಗೆ ಅಲಿಪುರದ ಕಚೇರಿಗೆ ಹೋದರೆ ಬರುವುದು ಸಂಜೆಗೇ. ಹತ್ತು ವರ್ಷದ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷ್. ಅಜ್ಜಿ ಏನು ಕೇಳಿದರೂ "ಯಸ್", "ನೋ", ಮುಗಿಯಿತು. ಮೊಮ್ಮಗಳ ಜೊತೆ ನಾಲ್ಕು ಮಾತೂ ಆಡದೆ ಅವ್ವ ಹೊರಟುಹೋಗುತ್ತಾಳಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಒಂದು ಭಾನುವಾರ ಮಗಳಿಗೆ ಇಂಗ್ಲಿಷ್ ವ್ಯಾಕರಣದ ಸಬ್ಜೆಕ್ಟು, ಪ್ರೆಡಿಕೇಟು ಹೇಳಿಕೊಡಲು ಕೂತೆ. ಮರುದಿನ ಟೆಸ್ಟು. ಒಂದೊಂದು ಇಂಗ್ಲಿಷ್ ವಾಕ್ಯವನ್ನೂ ಎರಡು ಪಾಲು ಮಾಡಿ ನಡುವೆ ಗೆರೆ ಎಳೆಯಬೇಕು. ಅವಳೋ, ಮೊದಲ ಎರಡು ಮೂರು ಪದ ದಾಟಿದ ಕೂಡಲೇ ಗೆರೆ ಎಳೆದುಬಿಡುತ್ತಿದ್ದಳು. ಹರಿದ ಕೊಡೆಯ ಮುದುಕನೊಬ್ಬ ಮಾರುಕಟ್ಟೆಯ ಹಿಂದೆ ವಾಸಿಸುತ್ತಾನೆ ಎಂಬ ವಾಕ್ಯದಲ್ಲಿ, ಪಾಪ, ಇಂಗ್ಲಿಷಿನಲ್ಲಿ ಮುದುಕನ ಹಿಂದೆಯೇ ಬರುವ ಕೊಡೆಯನ್ನು ಅವನಿಂದ ಕಿತ್ತು ಗೆರೆಯ ಆಚೆ ಹಾಕಿದ್ದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮೂರನೇ ಸಲಕ್ಕೆ ಕಿರುಚಿದೆ.

ಬಾಲ್ಕನಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವ್ವ ಎದ್ದು ಬಂದಳು. "ಏನ ಅಷ್ಟ್ ಒದರಾಕತ್ತೀ?"

ವಿಷಯ ಹೇಳಿದೆ. ಎ ಬಿ ಸಿ ಗೊತ್ತಿಲ್ಲದ ಹೆಂಗಸು ಫಕ್ಕನೆ ನಕ್ಕಳು. "ಇದಕ್ಕ ಇಷ್ಟ್ಯಾಕ ಜಗಳಾ? ಯಾರ ಸುದ್ದಿ, ಏನ್ ಸುದ್ದಿ ಅಂತ ಕೇಳು. ನಾವು ಕಟ್ಟೀ ಮ್ಯಾಲೆ ಕುಂತು ದಿನಾ ಮಾಡೂದು ಅದನ್ನ!"

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನನ್ನ ಕಥೆಯೂ ಅದೇ. ಅವ್ವ ಮೊಮ್ಮಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ಅಜ್ಜಿಗೆ ಇಂಗ್ಲಿಷ್ ಬಾರದು, ಕನ್ನಡದಲ್ಲಿ ಹೇಳದೆ ಗತಿಯಿಲ್ಲ. ಮಗಳು ಸಹಾಯಕ್ಕೆ ನನ್ನ ಮುಖ ನೋಡಿದಳು. ನಾನು ಬೇಕೆಂದೇ ಪೇಪರು ಅಡ್ಡ ಹಿಡಿದೆ.

"ಮುದುಕ..." ಎಂದಳು.

"ಯಾವ ಮುದುಕ? ಊರಾಗ ಹತ್ತ ಮಂದಿ ಅದಾರ."

"ಛಾತಾ ಇದೆ ಅವನ್ ಹತ್ರ. ಟಾರ್ನ್ ಛಾತಾ."

"ಹಾಂ, ಹರಕ ಛತ್ರಿ ಮುದುಕ. ಅವಂದೇನ?"

"ಬಜಾರ್ ಹಿಂದೆ ಇರೋದು."

"ಯಾಕ? ಸೊಸಿ ಹೊರಗ ಹಾಕ್ಯಾಳೇನು?"

ಪುಸ್ತಕದಲ್ಲಿ ಸೊಸೆ ಇರಲಿಲ್ಲ. ಅವ್ವ ಬಿಡಬೇಕಲ್ಲ! ಮಗಳು ನಗುತ್ತಲೇ ಗೆರೆಯನ್ನು ಸರಿಯಾದ ಕಡೆ ಎಳೆದು, ಮುದುಕನಿಗೊಬ್ಬ ಜಗಳಗಂಟಿ ಸೊಸೆಯನ್ನೂ ತಂದುಕೊಟ್ಟಳು. ಹಿಂದಿ, ಬಂಗಾಳಿ, ಇಂಗ್ಲಿಷ್ ಎಲ್ಲ ಕಲಸಿದ ಕನ್ನಡ; ನನ್ನ ಕಿವಿಗೆ ಹಬ್ಬ. ಹತ್ತು ವಾಕ್ಯ ಮುಗಿಯುವಷ್ಟರಲ್ಲಿ ಸೊಪ್ಪು ಬಾಡಿತ್ತು. ಮಧ್ಯಾಹ್ನಕ್ಕೆ ಬರೀ ಅನ್ನ, ಮೊಸರು.

ಟೆಸ್ಟಿನಲ್ಲಿ ಎರಡು ತಪ್ಪಾದವು. ಆ ಮಾತನ್ನು ಯಾರೂ ಎತ್ತಲಿಲ್ಲ. ನಾನು ಸಂಜೆ ಮನೆಗೆ ಬಂದಾಗ ಅಜ್ಜಿ, ಮೊಮ್ಮಗಳು ಕೋಣೆ ಸೇರಿಕೊಂಡು ಇಂಗ್ಲಿಷ್ ಮಿಸ್ಸಿನ ಸುದ್ದಿಯಲ್ಲಿ ಮುಳುಗಿದ್ದರು. ಚಳಿಗಾಲಕ್ಕೆ ಅವಳ ಮದುವೆಯಂತೆ. ಗಂಡು ಯಾರೆಂಬುದು ಇನ್ನೂ ಗುಟ್ಟಂತೆ. ನಾನು ಇಣುಕಿ, ಅಳುಕುತ್ತಲೇ, ಟಿಕೆಟ್ ಯಾವ ದಿನಕ್ಕೆ ತೆಗೆಸಲಿ ಎಂದು ಕೇಳಿದೆ.

"ತಡಿಯವಾ," ಅವ್ವ ನನ್ನತ್ತ ನೋಡದೆಯೇ ಕೈ ಬೀಸಿದಳು. "ಆ ಮಿಸ್ ಮದುವಿ ಆಗೂತನಕ ನಾ ಎಲ್ಲಿಗೂ ಹೋಗಂಗಿಲ್ಲ. ಹೋಗೂಮುಂದ ಬಾಗಲಾ ಹಾಕ್ಕೊಂಡ ಹೋಗು."