ಕಸಕ್ಕೆ ಹೋದ ಚೀಲ

ನನ್ನ ತಮ್ಮನ ಬಾಯಿಗೆ ಬೀಗವೇ ಇರಲಿಲ್ಲ. ಕಾರ್ಖಾನೆಯಲ್ಲಿ ಕಾದ ಹಬೆಯ ಪೈಪುಗಳಿಗೆ ಆಸ್ಬೆಸ್ಟಾಸ್ ಹೊದಿಕೆ ಸುತ್ತುವ ಕೆಲಸ ಅವನದು. ಮೂಗಿಗೆ ಧೂಳು ಹೊಕ್ಕು ಸೀನುತ್ತಿದ್ದರೂ ಮೇಸ್ತ್ರಿಯ ನಡಿಗೆ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ. ಅಂಥವನು ಒಂದು ಸಂಗತಿಯನ್ನು ಮಾತ್ರ ಮದುವೆಯಾದಾಗಿನಿಂದ ಬಾಯಿಬಿಡಲಿಲ್ಲ. ಬಲ ವೃಷಣದ ಸುತ್ತ ನೀರು ತುಂಬಿ ಊದಿಕೊಂಡಿತ್ತು. ಎಡಗಡೆಯದು ಹುಡುಗನಾಗಿದ್ದಾಗ ಮಂಗನಬಾವು ಬಂದು ಸೊರಗಿಹೋಗಿತ್ತು. ಮಗು ಬೇಕೆಂದು ಹಂಬಲಿಸುತ್ತಿದ್ದ ಗಂಡ ಹೆಂಡತಿಗೆ ಉಳಿದಿದ್ದದ್ದು ಬಲಗಡೆಯದೊಂದೇ.

ಅವನ ಹೆಂಡತಿ ನನ್ನ ಹತ್ತಿರ ಬಂದು ಇದನ್ನು ಹೇಳಿ ಅತ್ತ ಮೇಲೆ ನಾನು ಹೋಗಿ ಜಾಡಿಸಿದೆ.

"ನಾಚಿಕೆ ಆಯ್ತು ಕಣಕ್ಕಾ."

"ನಾಚಿಕೆಯಂತೆ ನಾಚಿಕೆ! ನಿನ್ನ ಚಡ್ಡಿ ಒಗೆದು ಬೆಳೆಸಿದೋಳು ನಾನು. ನಡಿ ಆಸ್ಪತ್ರೆಗೆ!"

ಸರ್ಜನ್ ವೃಷಣ ಹಾಗೇ ಬಿಟ್ಟು ಅದರ ಸುತ್ತಲಿನ ನೀರಿನ ಚೀಲ ಕತ್ತರಿಸಿ ತೆಗೆದ. ಚೀಲದ ಒಳಮೈಯಿಂದ ಉಗುರಿನಷ್ಟು ಚೂರು ಮಾತ್ರ ಲ್ಯಾಬಿಗೆ ಕಳಿಸಿ, ಉಳಿದದ್ದನ್ನು ಕಸದ ಬಕೆಟ್ಟಿಗೆ ಹಾಕಿಸಿದ. ಇಂಥ ಚೀಲಗಳಲ್ಲಿ ಏನೂ ಇರುವುದಿಲ್ಲವಂತೆ, ಯಾವಾಗಲೂ ಹೀಗೇ ಮಾಡುವುದಂತೆ.

ಲ್ಯಾಬಿನ ಡಾಕ್ಟರಮ್ಮ ನಮ್ಮನ್ನು ಕರೆಸಿದರು. ಮುಖ ಕೆಂಪಗಾಗಿತ್ತು.

"ನಿಮ್ಮ ಸರ್ಜನ್‌ಗೆ ಆಗಲೇ ಬೈದಾಯ್ತಮ್ಮ. ಚೀಲದ ಒಳಪದರ ದಪ್ಪಗೆ ಬೆಳೆದಿದೆ. ನೀರು ನಿಂತು ಕೆರಳಿದ್ರೂ ಹೀಗೇ ಕಾಣುತ್ತೆ, ಕ್ಯಾನ್ಸರ್ ಆದ್ರೂ ಹೀಗೇ ಕಾಣುತ್ತೆ. ಕೆಟ್ಟದ್ದಾದ್ರೆ ಆ ಪದರದ ಕೆಳಗಿರೋ ಚೀಲದ ಗೋಡೆಗೆ ನುಗ್ಗಿರುತ್ತೆ. ಅದನ್ನ ನೋಡೋಣ ಅಂದ್ರೆ ಗೋಡೆಯನ್ನೇ ಕಳಿಸಿಲ್ಲ."

"ಹಾಗಾದ್ರೆ ಏನೂಂತ ಹೇಳ್ತೀರಿ?"

"ಹೇಳೋಕೇ ಆಗಲ್ಲ."

ನನ್ನ ಪಿತ್ತ ನೆತ್ತಿಗೇರಿತು. ಸರ್ಜನ್ ಹತ್ತಿರ ಹೋದರೆ ಅವನ ವರಸೆಯೇ ಬದಲಾಗಿತ್ತು. ಪೈಪಿನ ಕೆಲಸ, ಹೊದಿಕೆಯ ಧೂಳು, ಇಂಥವರಿಗೆ ಈ ಕ್ಯಾನ್ಸರ್ ಬರುತ್ತದೆ, ವೃಷಣವನ್ನೇ ತೆಗೆಯುವುದು ಕ್ಷೇಮ ಎಂದ. ಮೊದಲ ದಿನ ಅವನು ತಮ್ಮನ ಕೆಲಸ ಏನೆಂದು ಕೇಳಿಯೇ ಇರಲಿಲ್ಲ! ತಮ್ಮ ಹೆದರಿ ಒಪ್ಪಿಕೊಂಡ. ಯಾರು ತಾನೇ ಹೆದರುವುದಿಲ್ಲ? ಮೊದಲೇ ವೀರ್ಯ ತೆಗೆದಿಡಬಹುದು ಎಂದು ಒಬ್ಬ ಪುಣ್ಯಾತ್ಮನೂ ಹೇಳಲಿಲ್ಲ. ಆಪರೇಷನ್ ಆದ ಮೇಲೆ ಪಕ್ಕದ ಹಾಸಿಗೆಯ ಮುದುಕನಿಂದ ಅದು ತಿಳಿದಾಗ ತಮ್ಮನ ಹೆಂಡತಿ ನನ್ನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ.

ಈ ಸಲ ತೆಗೆದ ವೃಷಣವನ್ನೂ ಅದಕ್ಕೆ ಅಂಟಿ ಉಳಿದಿದ್ದ ಚೀಲದ ಗೋಡೆಯನ್ನೂ ಪೂರ್ತಿಯಾಗಿ ಲ್ಯಾಬಿಗೆ ಕಳಿಸಿದರು. ವರದಿ ಬಂದ ದಿನ ಸರ್ಜನ್ ನಗುತ್ತಾ ಬಾಗಿಲಿಗೇ ಬಂದ.

"ಒಳ್ಳೆ ಸುದ್ದಿ! ಕ್ಯಾನ್ಸರ್ ಅಲ್ಲ. ಗೋಡೆಗೆ ಎಲ್ಲೂ ನುಗ್ಗಿಲ್ಲ, ಬರೀ ಕೆರಳಿ ಬೆಳೆದ ಪದರ. ಖುಷಿ ಪಡಿ!"

ತಮ್ಮ ಅವನ ಕಡೆ ಒಂದು ಹೆಜ್ಜೆ ಇಟ್ಟ. ಈಗ ಏನಾದರೂ ತಮಾಷೆ ಮಾಡುತ್ತಾನೆ ಅಂದುಕೊಂಡೆ.

"ಅಂದ್ರೆ ಸಾರ್, ಚೆನ್ನಾಗಿದ್ದದ್ದನ್ನೇ ಕೊಯ್ದುಬಿಟ್ರಾ?"

"ಜೀವ ಉಳೀತಲ್ಲಪ್ಪ."

"ಜೀವಕ್ಕೆ ಏನಾಗಿತ್ತೋ ನಿನ್ನ ಮನೆ ಹಾಳಾಗ!" ಎಂದು ಕೂಗಿದೆ. "ಆ ಚೀಲ ಬಿಸಾಡದೆ ಕಳಿಸಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ಲೋ!"

ಕಾರಿಡಾರಿನ ಜನರೆಲ್ಲ ತಿರುಗಿ ನೋಡಿದರು. ತಮ್ಮ ನನ್ನ ತೋಳು ಹಿಡಿದುಕೊಂಡ.

"ಮೆಲ್ಲಗೆ ಅಕ್ಕಾ. ಅವಳು ಹೊರಗೆ ಕೂತಿದಾಳೆ. ನಾನೇ ಹೇಳ್ತೀನಿ."