ಇಟ್ಟಿಗೆ ನಿಲ್ಲುವ ಗಳಿಗೆ

ಕಟ್ಟಡದ ಕೆಲಸದವರೆಲ್ಲ ಅವಳನ್ನು ಕರೆಯುತ್ತಿದ್ದುದು ಅಂಗೈಯಕ್ಕ ಎಂದೇ. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ: ಕೆಳಗಿನಿಂದ ಗಂಡ ಎಸೆದ ಇಟ್ಟಿಗೆಯನ್ನು ಮೊದಲ ಮಹಡಿಯ ಅಂಚಿನಲ್ಲಿ ನಿಂತು ಹಿಡಿಯುವುದು. ಅದೇನು ಮಹಾ ಕೆಲಸ ಎನ್ನುವವರು ಒಂದು ದಿನ ಹಿಡಿದು ನೋಡಲಿ, ಸಂಜೆಗೆ ಕೈ ಊದಿಸಿಕೊಂಡು ಮನೆಗೆ ಹೋಗುತ್ತಾರೆ.

ಅತ್ತೆ ಕಲಿಸಿದ ವಿದ್ಯೆ ಅದು. ಎಸೆದ ಇಟ್ಟಿಗೆ ಏರುತ್ತ ಏರುತ್ತ ಸುಸ್ತಾಗುತ್ತದೆ. ತುದಿಗೆ ಬಂದಾಗ, ಕಣ್ಣು ಮಿಟುಕಿಸುವಷ್ಟು ಹೊತ್ತು, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆಗ ಕೈ ಚಾಚಿದರೆ ಹೂವೆತ್ತಿದಷ್ಟು ಹಗುರ. ಅವಸರ ಮಾಡಿದರೆ ಅಂಗೈಗೆ ಬಾರಿಸುತ್ತದೆ. ತಡವಾದರೆ ಹೊರಟೇ ಹೋಗುತ್ತದೆ, ದಾರಿಯುದ್ದಕ್ಕೂ ವೇಗ ಕೂಡಿಸಿಕೊಳ್ಳುತ್ತ, ಎಸೆದವನ ಕೈಬಿಟ್ಟ ರಭಸದಲ್ಲೇ ಎಸೆದವನ ತಲೆಗೆ. ಒದ್ದೆ ಇಟ್ಟಿಗೆಯಾದರೂ ಒಣಗಿದ್ದಾದರೂ ಬೀಳುವ ವೇಗದಲ್ಲಿ ಭೇದವಿಲ್ಲ.

"ಕೂಗಿ ಹೇಳೋಕೂ ಟೈಮಿರಲ್ಲ ಕಣೇ," ಎಂದಿದ್ದಳು ಅತ್ತೆ. "ನನ್ನ ಮಗನ ತಲೆ ನಿನ್ನ ಕೈಯಲ್ಲಿದೆ, ನೆನಪಿರ್ಲಿ."

ಆ ವಾರ ಅವಳಿಗೆ ನೆಮ್ಮದಿಯೇ ಇರಲಿಲ್ಲ. ಎದೆಮಟ್ಟಕ್ಕೆ ಬಂದು ನಿಲ್ಲುತ್ತಿದ್ದ ಇಟ್ಟಿಗೆ ಸೋಮವಾರ ಹೊಟ್ಟೆಯ ಮಟ್ಟದಲ್ಲಿ ನಿಂತಿತು, ಬುಧವಾರ ಮಂಡಿಯ ಹತ್ತಿರ. ಅವಳು ಬಗ್ಗಿದಳು, ಇನ್ನೂ ಬಗ್ಗಿದಳು. ಸೊಂಟ ಹಿಡಿದುಕೊಂಡಿತು, ಅದಕ್ಕಿಂತ ಹೆಚ್ಚಾಗಿ ತಲೆ ಕೆಟ್ಟಿತು. ಭಾನುವಾರ ಮಾತಿಗೆ ಮಾತು ಬೆಳೆದು, "ನಿನಗಿಂತ ನಿನ್ನ ತಮ್ಮನೇ ವಾಸಿ, ಅವನು ಎಸೆದ್ರೆ ನೂಲು ಹಿಡಿದ ಹಾಗೆ ಬರುತ್ತೆ" ಎಂದುಬಿಟ್ಟಿದ್ದಳು. ಅಂದಿನಿಂದ ಗಂಡ ತುಟಿ ಪಿಟಕ್ಕೆನ್ನುತ್ತಿಲ್ಲ. ಬೇರೆ ಗಂಡಸರು ಮುನಿಸನ್ನು ಊಟದ ತಟ್ಟೆಯ ಮೇಲೆ ತೋರಿಸಿದರೆ ಇವನು ಇಟ್ಟಿಗೆಯ ಮೇಲೆ ತೋರಿಸುತ್ತಾನೆ. ಎಷ್ಟೋ ಜಗಳಗಳ ಬಿಸಿ ಅವಳಿಗೆ ತಗುಲಿದ್ದು ಅಂಗೈಗೇ. ಇದೂ ಹಾಗೆಯೇ ಎಂದುಕೊಂಡಳು.

ಗುರುವಾರ ಅವಳೂ ಹಟ ಹಿಡಿದಳು. ನಾನ್ಯಾಕೆ ಬಗ್ಗಲಿ? ಬೇಕಾದರೆ ನೆಟ್ಟಗೆ ಎಸೆಯಲಿ. ಮೊದಲ ನಾಲ್ಕು ಹೇಗೋ ಬೆರಳ ತುದಿಗೆ ಸಿಕ್ಕವು. ಐದನೆಯದು ಅವಳ ಕೈಗಿಂತ ಒಂದು ಗೇಣು ಕೆಳಗೆ ನಿಂತಿತು, ಮಗ್ಗುಲು ಬದಲಿಸಿತು, ಹೊರಟಿತು. ಕೂಗಲು ಹೊತ್ತಿರಲಿಲ್ಲ. ಕೆಳಗೆ ಗಂಡ ಮುಂದಿನ ಇಟ್ಟಿಗೆಗೆ ಬಗ್ಗಿದ್ದ. ಅದು ಅವನ ಕಿವಿಯ ಪಕ್ಕದಲ್ಲೇ ಹಾದು, ನೆಲಕ್ಕೆ ಬಡಿದು ಎರಡು ಹೋಳಾಯಿತು.

ಏಣಿ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಅವನು ಎಡಗೈಯಿಂದ ಬಲಭುಜ ಅದುಮಿಕೊಂಡು ಕೂತಿದ್ದ.

"ಪೆಟ್ಟಾಯ್ತಾ?"

"ಇಲ್ಲ. ಇದು ಶನಿವಾರದಿಂದ ಹೀಗೇ. ಕೈ ಮೇಲಕ್ಕೇಳ್ತಿಲ್ಲ."

"ಬಾಯಿ ಬಿದ್ದುಹೋಗಿತ್ತಾ ನಿಂಗೆ? ಹೇಳೋಕೇನಾಗಿತ್ತು?"

"ಹೇಳಿದ್ರೆ ಮೇಸ್ತ್ರಿ ನನ್ನನ್ನ ಮನೆಗೆ ಕಳಿಸ್ತಿದ್ದ. ನೀನು ತಮ್ಮನ ಜೊತೆ ಜೋಡಿ ಆಗ್ತಿದ್ದೆ."

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಮೊದಲು ಹೊರಬಿದ್ದದ್ದು ಸಿಟ್ಟು.

"ಏಳು, ಮೇಲೆ ಹೋಗು. ನಿಂತ ಇಟ್ಟಿಗೆ ಹಿಡಿಯೋಕೆ ಒಂದು ಕೈ ಸಾಕು. ನಾನು ಎಸೀತೀನಿ."

ಮೊದಲೆರಡು ಅರ್ಧ ದಾರಿಯಲ್ಲೇ ಹಿಂತಿರುಗಿದವು. ಮೂರನೆಯದು ಏರಿತು. ಅವಳು ಕತ್ತೆತ್ತಿ ನೋಡುತ್ತಿದ್ದಳು. ಅದು ತುದಿಯಲ್ಲಿ ನಿಂತಾಗ ಎರಡು ಹೆಜ್ಜೆ ಪಕ್ಕಕ್ಕೆ ಹಾರಿದಳು. ಅಷ್ಟರಲ್ಲಿ ಅವನು ಎಡಗೈಯಲ್ಲಿ ಅದನ್ನು ಹಿಡಿದಾಗಿತ್ತು.

"ಮೇಲೇನ್ ನೋಡ್ತೀಯಾ?" ಎಂದು ಕೂಗಿದ. "ಹಾಗೆ ನೋಡ್ತಾ ನಿಂತ್ರೆ ಕೆಲಸ ಮುಗಿಯುತ್ತಾ? ಎಸೆದು ಇನ್ನೊಂದಕ್ಕೆ ಬಗ್ಗು."

"ನೀನು ಹಿಡಿದ್ಯೋ ಇಲ್ವೋ ಅಂತ ಗೊತ್ತಾಗೋದು ಹೇಗೆ?"

"ನನಗೇನ್ ಗೊತ್ತು? ಇಷ್ಟು ವರ್ಷದಲ್ಲಿ ನಾನು ಒಂದ್ಸಲಾನೂ ನೋಡಿಲ್ಲ."

ಅವಳು ಮತ್ತೊಂದು ಇಟ್ಟಿಗೆ ಎಸೆದಳು. ಕತ್ತು ತಾನಾಗಿಯೇ ಮೇಲೇಳಲು ನೋಡಿತು. ಹಲ್ಲು ಕಚ್ಚಿ, ತಲೆ ತಗ್ಗಿಸಿ, ಬಗ್ಗಿದಳು.